ಲಕ್ಷದ್ವೀಪಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಜನವರಿಯಲ್ಲಿ ಪ್ರಧಾನಿ ಮೋದಿಯವರು ಲಕ್ಷದ್ವೀಪಕ್ಕೆ ಹೋಗಿ ಬಂದ ಫೋಟೋಗಳು ಎಲ್ಲ ಕಡೆ ಹರಿದಾಡಿದವು. ಅದೇ ವರ್ಷ ಬೆಂಗಳೂರಿನಿಂದ ನೇರ ವಿಮಾನವೂ ಶುರುವಾಯಿತು. ಆಮೇಲೆ ನಮ್ಮ ಕಡೆಯವರಲ್ಲಿ ಈ ದ್ವೀಪಗಳ ಆಸೆ ಜಾಸ್ತಿಯಾಗಿದೆ. ಆದರೆ ಫೋಟೋದಲ್ಲಿ ಕಾಣುವುದು ನೀಲಿ ನೀರು, ಬಿಳಿ ಮರಳು ಅಷ್ಟೇ. ಅಲ್ಲಿ ಊರುಗಳಿವೆ, ಶಾಲೆಗಳಿವೆ, ಮೀನು ಒಣಗಿಸುವ ಅಂಗಳಗಳಿವೆ. ನೀರಿಗೆ, ಅಕ್ಕಿಗೆ, ಆಸ್ಪತ್ರೆಗೆ ದಿನವೂ ಯೋಚನೆ ಮಾಡುವ ಜನ ಇದ್ದಾರೆ. ಹೋಗುವವರಿಗೆ ದಾರಿಯ ಜೊತೆ ಆ ಊರಿನ ಬದುಕೂ ಸ್ವಲ್ಪ ಗೊತ್ತಿರಲಿ ಎಂದು ಈ ಉತ್ತರಗಳನ್ನು ಬರೆದಿದ್ದೇನೆ.

ಲಕ್ಷದ್ವೀಪ ಅಂದರೆ ಒಂದು ದ್ವೀಪವೇ?

ಅಲ್ಲ. ಕೇರಳದ ಕರಾವಳಿಯಿಂದ ಸುಮಾರು 220ರಿಂದ 440 ಕಿ.ಮೀ. ದೂರದಲ್ಲಿ ಚದುರಿಕೊಂಡಿರುವ 36 ದ್ವೀಪಗಳ ಗುಂಪು ಇದು. ಎಲ್ಲ ಸೇರಿಸಿದರೂ ನೆಲ ಕೇವಲ 32 ಚದರ ಕಿ.ಮೀ. ದೇಶದ ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶ. 36ರಲ್ಲಿ ಒಂದಾದ ಪರಳಿ-1 ಎಂಬ ಪುಟ್ಟ ದ್ವೀಪ ಈಗ ಸಮುದ್ರ ಕೊರೆದು ಇಲ್ಲವಾಗಿದೆ.

ಜನ ಇರುವುದು 10 ದ್ವೀಪಗಳಲ್ಲಿ: ಕವರತ್ತಿ, ಅಗತ್ತಿ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಆಂಡ್ರೋತ್, ಕಲ್ಪೇನಿ, ಮಿನಿಕಾಯ್. 2011ರ ಜನಗಣತಿಯ ಪ್ರಕಾರ ಒಟ್ಟು 64,473 ಜನ. ರಾಜಧಾನಿ ಕವರತ್ತಿ. ಆಂಡ್ರೋತ್ ಎಲ್ಲಕ್ಕಿಂತ ದೊಡ್ಡದು, ಆದರೂ ಅದರ ವಿಸ್ತೀರ್ಣ 5 ಚದರ ಕಿ.ಮೀ. ಮುಟ್ಟುವುದಿಲ್ಲ.

ಇವೆಲ್ಲ ಹವಳದ ದ್ವೀಪಗಳು. ಬೆಟ್ಟ ಇಲ್ಲ, ನದಿ ಇಲ್ಲ. ನೆಲ ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಮೇಲಿದೆ, ಅಷ್ಟೇ. ಸುತ್ತ ಹವಳದ ಬಂಡೆಗಳ ಸಾಲು, ಅದರ ಒಳಗೆ ಶಾಂತವಾದ ತಿಳಿನೀರು. ಅದಕ್ಕೆ ಲಗೂನ್ ಎನ್ನುತ್ತಾರೆ. ಹೊರಗಿನ ದೊಡ್ಡ ಅಲೆಗಳನ್ನು ತಡೆಯುವುದು ಆ ಬಂಡೆಗಳ ಸಾಲು. ಅದು ಇಲ್ಲದಿದ್ದರೆ ಊರೇ ಇಲ್ಲ. ಮುಂದೆ ಬರುವ ಎಷ್ಟೋ ಉತ್ತರಗಳು ಇದಕ್ಕೇ ಬಂದು ಸೇರುತ್ತವೆ.

ನಮ್ಮ ದೇಶದ್ದೇ ಅಲ್ವಾ, ಪರ್ಮಿಟ್ ಯಾಕೆ ಬೇಕು?

ದೇಶ ನಮ್ಮದೇ. ಆದರೂ ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶದ ಪರ್ಮಿಟ್ ಬೇಕು. 1967ರ ನಿಯಮ ಹಾಗೆ ಹೇಳುತ್ತದೆ. ಅಲ್ಲಿನ ಮೂಲ ನಿವಾಸಿಗಳಿಗೆ, ಸರ್ಕಾರಿ ಕೆಲಸದ ಮೇಲೆ ಹೋಗುವವರಿಗೆ ವಿನಾಯಿತಿ ಇದೆ.

ಕಾರಣ ಸರಳ. ತಂದೆ ತಾಯಿ ಇಬ್ಬರೂ ದ್ವೀಪದಲ್ಲೇ ಹುಟ್ಟಿದವರಾಗಿದ್ದರೆ ಅಲ್ಲಿನ ನಿವಾಸಿಗಳನ್ನು ಪರಿಶಿಷ್ಟ ಪಂಗಡ ಎಂದು ಗುರುತಿಸಲಾಗಿದೆ. ಅವರ ನೆಲಕ್ಕೆ, ಬದುಕಿಗೆ ರಕ್ಷಣೆ ಬೇಕು. ಒಂದು ದ್ವೀಪದ ಈ ತುದಿಯಿಂದ ಆ ತುದಿಗೆ ಸೈಕಲ್ಲಿನಲ್ಲಿ ಹೋಗಿಬಿಡಬಹುದು. ಅಂಥ ಜಾಗಕ್ಕೆ ಒಂದೇ ವಾರ ಸಾವಿರಾರು ಜನ ನುಗ್ಗಿದರೆ ನೀರು, ಕಸ, ಆಸ್ಪತ್ರೆ ಯಾವುದೂ ತಡೆಯುವುದಿಲ್ಲ. ಪರ್ಮಿಟ್ ಅನ್ನು ಕಿರಿಕಿರಿ ಎಂದು ಬಯ್ಯುವವರನ್ನು ನೋಡಿದ್ದೇನೆ. ನನಗೆ ಅದು ನ್ಯಾಯವಾದ ನಿಯಮ ಅನಿಸುತ್ತದೆ.

ಪರ್ಮಿಟ್ ಮಾಡಿಸುವುದು ಹೇಗೆ?

ಲಕ್ಷದ್ವೀಪ ಆಡಳಿತದ ಇ-ಪರ್ಮಿಟ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಗುರುತಿನ ಚೀಟಿ, ಫೋಟೋ ಬೇಕು. ಹಲವು ಸಂದರ್ಭಗಳಲ್ಲಿ ನಿಮ್ಮ ಊರಿನ ಪೊಲೀಸರಿಂದ ನಡತೆಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಅದಕ್ಕೆ ದಿನ ಹಿಡಿಯುತ್ತದೆ, ಆದ್ದರಿಂದ ಮೊದಲು ಅದನ್ನೇ ಶುರು ಮಾಡಿ. ಸ್ವಂತವಾಗಿ ಹೋಗುವುದಾದರೆ ದ್ವೀಪದಲ್ಲಿ ನಿಮ್ಮ ಹೊಣೆ ಹೊರುವ ಒಬ್ಬರು ಇರಬೇಕಾಗುತ್ತದೆ. ಹೋಮ್‌ಸ್ಟೇಯವರು ಅಥವಾ ಟೂರ್ ನಡೆಸುವವರು ಸಾಮಾನ್ಯವಾಗಿ ಈ ಕೆಲಸ ನೋಡಿಕೊಳ್ಳುತ್ತಾರೆ. ‘ಸ್ಪೋರ್ಟ್ಸ್’ ಎಂಬ ಸರ್ಕಾರಿ ಪ್ರವಾಸ ಸಂಸ್ಥೆಯ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಪರ್ಮಿಟ್ಟಿನ ವ್ಯವಸ್ಥೆ ಅದರಲ್ಲೇ ಸೇರಿರುತ್ತದೆ.

ಒಂದು ಎಚ್ಚರಿಕೆ. ಪರ್ಮಿಟ್ಟಿನಲ್ಲಿ ಯಾವ ದ್ವೀಪದ ಹೆಸರಿದೆಯೋ ಅಲ್ಲಿಗೆ ಮಾತ್ರ ಹೋಗಬಹುದು. ಪರ್ಮಿಟ್ ಕೈಗೆ ಬರುವ ಮುಂಚೆ ರದ್ದು ಮಾಡಲಾಗದ ಟಿಕೆಟ್ ಕೊಳ್ಳಬೇಡಿ. ನಿಯಮಗಳು ಆಗಾಗ ಬದಲಾಗುತ್ತವೆ, ಹಳೆಯ ವಿಡಿಯೋ ನೋಡಿ ಹೊರಡಬೇಡಿ.

ಬೆಂಗಳೂರಿನಿಂದ ವಿಮಾನ ಇದೆಯಾ?

2024ರ ಮಾರ್ಚ್ 31ರಂದು ಇಂಡಿಗೋ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರು ಮಾಡಿತು. ಕೊಚ್ಚಿಯಿಂದ ಬಹಳ ಹಿಂದಿನಿಂದಲೂ ವಿಮಾನ ಇದೆ. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೊರಡುವ ತಿಂಗಳದ್ದನ್ನೇ ನೋಡಿಕೊಳ್ಳಿ.

ಇಡೀ ಲಕ್ಷದ್ವೀಪಕ್ಕೆ ಇರುವುದು ಅಗತ್ತಿಯ ಒಂದೇ ವಿಮಾನ ನಿಲ್ದಾಣ. ರನ್‌ವೇ ಸುಮಾರು 1,200 ಮೀಟರ್ ಮಾತ್ರ, ಎರಡೂ ಕಡೆ ಸಮುದ್ರ. ಅಲ್ಲಿ ಇಳಿಯುವುದು ಎಟಿಆರ್ ತರಹದ ಸಣ್ಣ ವಿಮಾನಗಳು. ಸೀಟು ಕಡಿಮೆ, ಬೇಗ ತುಂಬುತ್ತದೆ. ಅಗತ್ತಿಯಿಂದ ಬೇರೆ ದ್ವೀಪಗಳಿಗೆ ಸಾಮಾನ್ಯವಾಗಿ ದೋಣಿ ಅಥವಾ ಹಡಗಿನಲ್ಲಿ ಹೋಗಬೇಕು. ಬಂಗಾರಂ, ತಿನ್ನಕರ ಹತ್ತಿರದಲ್ಲೇ ಇವೆ. ಮಿನಿಕಾಯ್ ಮಾತ್ರ ದಕ್ಷಿಣಕ್ಕೆ ತುಂಬಾ ದೂರ.

ಹಡಗಿನಲ್ಲಿ ಹೋದರೆ ಹೇಗಿರುತ್ತದೆ?

ಪ್ರಯಾಣಿಕರ ಹಡಗುಗಳು ಹೊರಡುವುದು ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಿಂದ. ಎಂ.ವಿ. ಕವರತ್ತಿ ಅವುಗಳಲ್ಲಿ ದೊಡ್ಡದು, 700 ಜನ ಹಿಡಿಯುತ್ತದೆ. ದ್ವೀಪಕ್ಕೆ ತಕ್ಕಂತೆ ಸುಮಾರು 14ರಿಂದ 18 ಗಂಟೆಯ ಪಯಣ. ಇದೇ ಹಡಗುಗಳಲ್ಲಿ ದ್ವೀಪದ ಜನ ಕೊಚ್ಚಿಗೆ ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಬಟ್ಟೆ ಕೊಳ್ಳಲು ಓಡಾಡುತ್ತಾರೆ. ಪ್ರವಾಸಿಗರಿಗೆ ಟಿಕೆಟ್ ಸಿಗಲಿಲ್ಲ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ಅದೇ ಬಸ್ಸು, ಅದೇ ಆಂಬುಲೆನ್ಸು.

ಮೊದಲ ಸಲ ಹೋಗುವವರಿಗೆ ಆಶ್ಚರ್ಯ ಆಗುವುದು ಇಳಿಯುವಾಗ. ಎಷ್ಟೋ ಕಡೆ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಹವಳದ ಬಂಡೆಗಳ ಹೊರಗೇ ನಿಲ್ಲುತ್ತದೆ. ಸಣ್ಣ ದೋಣಿಗಳು ಬಂದು ಪಕ್ಕಕ್ಕೆ ಸೇರುತ್ತವೆ. ಹಡಗಿನ ಬದಿಯ ಬಾಗಿಲಿನಿಂದ ದೋಣಿಗೆ ದಾಟಬೇಕು. ಅಲೆ ಏರಿದಾಗ ದೋಣಿ ಮೇಲೆ ಬರುತ್ತದೆ, ಇಳಿದಾಗ ಕೆಳಗೆ ಹೋಗುತ್ತದೆ. ಅಲ್ಲಿನ ಹುಡುಗರು ಸರಿಯಾದ ಕ್ಷಣ ನೋಡಿ ಕೈ ಹಿಡಿದು ಇಳಿಸಿಕೊಳ್ಳುತ್ತಾರೆ. ಅವರು ಹೇಳಿದಾಗ ಕಾಲಿಡಿ, ಹೇಳುವ ಮುಂಚೆ ಬೇಡ. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ, ಫೋನ್ ಒಳಗಿರಲಿ. ಮಂಡಿ ನೋವಿರುವ ಹಿರಿಯರನ್ನು, ತುಂಬಾ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ವಿಮಾನವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಹಡಗಿನಲ್ಲಿ ವಾಂತಿ ಬರುವ ಸ್ವಭಾವದವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ.

ಮಂಗಳೂರಿನಿಂದ ಹಡಗು ಇಲ್ವಾ?

ಈ ಪ್ರಶ್ನೆ ಕರಾವಳಿಯವರು ಕೇಳಿಯೇ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. ಪ್ರಯಾಣಿಕರ ಹಡಗು ಮಂಗಳೂರಿನಿಂದ ಆಗಾಗ ಓಡಿದೆ, ನಿಂತಿದೆ. 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು ದ್ವೀಪದವರನ್ನು ಕರೆದುಕೊಂಡು ಹಳೆ ಬಂದರಿಗೆ ಬಂದಾಗ ಊರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆದರೆ ಕೊಚ್ಚಿಯಷ್ಟು ಖಾಯಂ ಸೇವೆ ಇಲ್ಲಿಂದ ಇಲ್ಲ. ಹೊರಡುವ ಮುಂಚೆ ವಿಚಾರಿಸಿಯೇ ಯೋಜನೆ ಹಾಕಿ.

ಸರಕಿನ ನಂಟು ಮಾತ್ರ ಕಡಿದಿಲ್ಲ. ಮಂಗಳೂರಿನ ಬಂದರಿನಲ್ಲಿ ಮಂಜಿ ಎಂಬ ಸರಕು ದೋಣಿಗಳಿಗೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬುವುದನ್ನು ಈಗಲೂ ನೋಡಬಹುದು. ದ್ವೀಪದಲ್ಲಿ ಒಂದು ಮನೆ ಕಟ್ಟಬೇಕೆಂದರೂ ಜಲ್ಲಿ ಕಲ್ಲು ಸಮುದ್ರ ದಾಟಿ ಹೋಗಬೇಕು. ಮಳೆಗಾಲದಲ್ಲಿ ಮಂಜಿಗಳ ಓಡಾಟ ನಿಲ್ಲುತ್ತದೆ, ಅದಕ್ಕಾಗಿ ಮೇ ತಿಂಗಳೊಳಗೆ ದಾಸ್ತಾನು ಮುಗಿಸಿಕೊಳ್ಳುತ್ತಾರೆ.

ಈ ನಂಟು ಹಳೆಯದು. ಆಗ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಅಧಿಕಾರಿಗಳ ಕಾಟ ತಡೆಯಲಾಗದೆ 1780ರ ದಶಕದಲ್ಲಿ ಅಮಿನಿ ದ್ವೀಪದ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮುಂದೆ ಮನವಿ ಇಟ್ಟರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಐದು ಬ್ರಿಟಿಷರ ಪಾಲಾದವು. ಆಮೇಲೆ ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಂದ ತೆಂಗಿನ ನಾರಿನ ಹಗ್ಗ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. 1956ರ ನವೆಂಬರ್ 1ರಂದು, ಅಂದರೆ ಮೈಸೂರು ರಾಜ್ಯಕ್ಕೆ ನಮ್ಮ ಜಿಲ್ಲೆ ಸೇರಿದ ದಿನವೇ, ದ್ವೀಪಗಳೆಲ್ಲ ಒಟ್ಟಾಗಿ ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಮುದ್ರ ಒರಟು. ಚಳಿಗಾಲದಲ್ಲೂ ಹವಾಮಾನ ಎಚ್ಚರಿಕೆ ನೋಡುತ್ತಿರಿ. 2017ರ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗೆ ಬಡಿದದ್ದು ಡಿಸೆಂಬರ್ ಶುರುವಿನಲ್ಲಿ. ರಜೆ ಲೆಕ್ಕ ಹಾಕುವಾಗ ವಾಪಸು ಬರುವ ಕಡೆ ಒಂದೆರಡು ದಿನ ಸಡಿಲ ಬಿಡಿ.

ಯಾವ ದ್ವೀಪಕ್ಕೆ ಹೋಗಲಿ?

ಸಮಯ ಕಡಿಮೆ ಇದ್ದರೆ ಅಗತ್ತಿ, ಅಲ್ಲಿಂದ ಬಂಗಾರಂ ಮತ್ತು ತಿನ್ನಕರ. ಡೈವಿಂಗ್, ಕಯಾಕ್ ಇಷ್ಟಪಡುವವರಿಗೆ ಕಡಮತ್. ಕವರತ್ತಿಯಲ್ಲಿ ಮರದ ಕೆತ್ತನೆಯ ಛಾವಣಿ ಇರುವ ಉಜ್ರಾ ಮಸೀದಿ ನೋಡುವಂಥದ್ದು. ಆಂಡ್ರೋತ್‌ನಲ್ಲಿ ಸಂತ ಉಬೈದುಲ್ಲಾ ಅವರ ಸಮಾಧಿ ಇದೆ. ದ್ವೀಪಗಳಿಗೆ ಇಸ್ಲಾಂ ತಂದವರು ಅವರೇ ಎಂದು ಜನ ನಂಬುತ್ತಾರೆ. ಕಲ್ಪೇನಿಯ ಪೂರ್ವದ ದಡದಲ್ಲಿ ಹವಳದ ಚೂರುಗಳ ಉದ್ದನೆಯ ದಿಬ್ಬವಿದೆ. 1847ರ ಬಿರುಗಾಳಿ ಎಸೆದು ಹೋದದ್ದು ಎನ್ನುತ್ತಾರೆ.

ನನ್ನನ್ನು ಕೇಳಿದರೆ ಮಿನಿಕಾಯ್. ಉಳಿದ ದ್ವೀಪಗಳಿಂದ ಇದು ದೂರ, ನಡುವೆ ಒಂಬತ್ತು ಡಿಗ್ರಿ ಕಾಲುವೆ ಎಂಬ ದೊಡ್ಡ ಹಡಗು ದಾರಿ ಇದೆ. ಬೇರೆ ಕಡೆ ಜೆಸರಿ ಎಂಬ ಮಲಯಾಳದ ಒಳನುಡಿ ಆಡುತ್ತಾರೆ. ಇಲ್ಲಿ ಮಾತಾಡುವುದು ಮಹ್ಲ್, ಮಾಲ್ಡೀವ್ಸಿನ ದಿವೇಹಿಯ ಬಳಗದ್ದು. ಊರಿನವರು ತಮ್ಮ ದ್ವೀಪವನ್ನು ಮಲಿಕು ಎಂದು ಕರೆಯುತ್ತಾರೆ. ಹಳ್ಳಿಗಳು ಒಂದಕ್ಕೊಂದು ಅಂಟಿಕೊಂಡಿವೆ, ಆದರೆ ಪ್ರತಿ ಹಳ್ಳಿಗೂ ತನ್ನದೇ ಹಿರಿಯರು, ತನ್ನದೇ ಸಭೆಯ ಮನೆ, ತನ್ನದೇ ಬಣ್ಣ ಬಣ್ಣದ ಓಟದ ದೋಣಿ ಇವೆ. ಗಂಡಸರಲ್ಲಿ ಬಹಳ ಮಂದಿ ಜಗತ್ತಿನ ಸರಕು ಹಡಗುಗಳಲ್ಲಿ ದುಡಿಯುತ್ತಾರೆ, ಊರು ನಡೆಸುವುದರಲ್ಲಿ ಹೆಂಗಸರ ಪಾಲು ದೊಡ್ಡದು. 1885ರಲ್ಲಿ ಕಟ್ಟಿದ ದೀಪಸ್ತಂಭ ಈಗಲೂ ಕೆಲಸ ಮಾಡುತ್ತಿದೆ. ಬಿಟ್ಟರೆ ಹತ್ತಿ ನೋಡಿ.

ಇಲ್ಲಿನ ಟ್ಯೂನಾ ಬೇಟೆಯೂ ಬೇರೆ ರೀತಿಯದು. ನಮ್ಮ ಕಡೆ ಕೇದರ ಎನ್ನುವ ಮೀನು ಅದು. ಬಲೆ ಬೀಸಿ ಬಾಚುವುದಿಲ್ಲ. ಲಗೂನಿನಲ್ಲಿ ಹಿಡಿದ ಪುಟ್ಟ ಮೀನುಗಳನ್ನು ಜೀವಂತ ಇಟ್ಟುಕೊಂಡು ಹೋಗಿ, ಟ್ಯೂನಾ ಗುಂಪು ಕಂಡಾಗ ನೀರಿಗೆ ಎರಚುತ್ತಾರೆ. ಮೀನು ಮುಗಿಬಿದ್ದಾಗ ಸಾಲಾಗಿ ನಿಂತು ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಬೇಡದ ಮೀನು, ಆಮೆ ಸಿಕ್ಕಿ ಸಾಯುವುದು ತೀರಾ ಕಡಿಮೆ. ಸಮುದ್ರವನ್ನು ಬರಿದು ಮಾಡದೆ ಹೊಟ್ಟೆ ತುಂಬಿಸಿಕೊಳ್ಳುವ ಈ ಬಗೆ ನಮ್ಮ ಕರಾವಳಿಯಲ್ಲೂ ಚರ್ಚೆಯಾಗಬೇಕು.

ಸ್ನಾನಕ್ಕೆ, ಕುಡಿಯಲು ನೀರು ಸಿಗುತ್ತದೆಯೇ?

ಸಿಗುತ್ತದೆ. ಆದರೆ ಅದರ ಹಿಂದಿನ ಕಷ್ಟ ತಿಳಿದುಕೊಂಡು ಬಳಸಿ.

ಹವಳದ ನೆಲದಲ್ಲಿ ಮಳೆ ನೀರು ಇಂಗಿ ಕೆಳಗೆ ಹೋಗುತ್ತದೆ. ಅಲ್ಲಿ ಮೊದಲೇ ಉಪ್ಪು ನೀರಿದೆ. ಸಿಹಿ ನೀರು ಹಗುರ, ಆದ್ದರಿಂದ ಹಾಲಿನ ಮೇಲಿನ ಕೆನೆಯಂತೆ ತೆಳುವಾಗಿ ಉಪ್ಪು ನೀರಿನ ಮೇಲೆ ನಿಲ್ಲುತ್ತದೆ. ಪಂಪಿಟ್ಟು ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಬಾವಿ ಕೆಡುತ್ತದೆ. ಕೊಳಚೆ ಇಂಗಿದರೂ ಸೇರುವುದು ಅದೇ ನೀರಿಗೆ.

ಇದಕ್ಕೆ ಒಂದು ಪರಿಹಾರ ಕಂಡುಕೊಂಡದ್ದು ನಮ್ಮದೇ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಶುರುವಾಯಿತು. ದಿನಕ್ಕೆ 1 ಲಕ್ಷ ಲೀಟರ್ ಅದರ ಸಾಮರ್ಥ್ಯ. ಮೇಲಿನ ಸಮುದ್ರ ನೀರು ಬೆಚ್ಚಗಿರುತ್ತದೆ. ಗಾಳಿಯ ಒತ್ತಡ ತಗ್ಗಿಸಿದ ತೊಟ್ಟಿಗೆ ಅದನ್ನು ಬಿಟ್ಟರೆ ಬೆಂಕಿ ಇಲ್ಲದೆಯೇ ಒಂದಿಷ್ಟು ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ದೊಡ್ಡ ಪೈಪಿನಲ್ಲಿ ತಣ್ಣನೆಯ ನೀರು ತರುತ್ತಾರೆ, ಅದರ ತಂಪಿಗೆ ಆ ಆವಿ ಮತ್ತೆ ನೀರಾಗುತ್ತದೆ. ಉಪ್ಪು ಹಿಂದೆ ಉಳಿಯುತ್ತದೆ. 2011ರಲ್ಲಿ ಮಿನಿಕಾಯ್, ಅಗತ್ತಿಗೂ ಇಂಥ ಘಟಕ ಬಂತು.

ಆದ್ದರಿಂದ ಷವರ್ ಬಿಟ್ಟುಕೊಂಡು ನಿಲ್ಲಬೇಡಿ. ಒಂದು ಬಕೆಟ್ ಸಾಕು. ನಿಮ್ಮದೇ ಬಾಟಲಿ ತಗೊಂಡು ಹೋಗಿ. ಖಾಲಿ ಪ್ಲಾಸ್ಟಿಕ್ಕನ್ನು, ಶಾಂಪೂ ಪೊಟ್ಟಣಗಳನ್ನು ವಾಪಸು ತನ್ನಿ. ಅಲ್ಲಿ ಕಸ ಎಸೆಯಲು ಊರ ಹೊರಗೆ ಎಂಬ ಜಾಗವೇ ಇಲ್ಲ.

ಬಿದ್ದಿರುವ ಸತ್ತ ಹವಳ, ಚಿಪ್ಪು ತರಬಹುದಾ?

ಬೇಡ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸತ್ತದ್ದೂ ಹವಳವೇ. ಸಮುದ್ರ ಸೌತೆ, ಹಲವು ಬಗೆಯ ಚಿಪ್ಪುಗಳಿಗೂ ಕಾನೂನು ಅನ್ವಯವಾಗುತ್ತದೆ. ಸಣ್ಣ ತುಂಡಾದರೂ ಸಿಕ್ಕಿಬಿದ್ದರೆ ಕೇಸಾಗಬಹುದು.

ನೀರಿನಲ್ಲಿ ಹವಳದ ಮೇಲೆ ನಿಲ್ಲಲೂಬೇಡಿ. ನೋಡಲು ಕಲ್ಲು, ನಿಜಕ್ಕೂ ಅದು ಸಾವಿರಾರು ಪುಟ್ಟ ಜೀವಿಗಳ ವಾಸ. ಅವುಗಳ ಮೈಯೊಳಗೆ ಇರುವ ಸೂಕ್ಷ್ಮ ಪಾಚಿಯೇ ಅವಕ್ಕೆ ಅನ್ನ, ಬಣ್ಣ ಎರಡೂ. ಸಮುದ್ರ ಹೆಚ್ಚು ದಿನ ಬಿಸಿಯಾದರೆ ಆ ಪಾಚಿ ಹೊರಟುಹೋಗುತ್ತದೆ, ಹವಳ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಬದುಕುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುಂಚೆ ಇನ್ನೊಂದು ಬೀಳುತ್ತಿದೆ. ಅಲೆ ತಡೆಯುವ ಬಂಡೆಗಳ ಸಾಲು ಬೆಳೆಯುವುದು ಈ ಜೀವಿಗಳಿಂದ. ಅವು ಸತ್ತು ಪುಡಿಯಾದರೆ ದಡದ ಮನೆಗಳಿಗೆ ಕಾವಲಿಲ್ಲ. ಸಮುದ್ರದ ಬಿಸಿ ನಮ್ಮ ಕೈಯಲ್ಲಿಲ್ಲ, ನಮ್ಮ ಕಾಲು ನಮ್ಮ ಹತೋಟಿಯಲ್ಲಿದೆ. ಸ್ನಾರ್ಕೆಲ್ ಮಾಡುವಾಗ ತೇಲುತ್ತಲೇ ಇರಿ. ಮೈಗೆ ಕ್ರೀಮು ಮೆತ್ತುವ ಬದಲು ತುಂಬುತೋಳಿನ ಈಜು ಅಂಗಿ ಹಾಕಿಕೊಳ್ಳಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಅನ್ನ, ಸಾರು, ಪರೋಟ ಸಿಗುತ್ತದೆ. ತರಕಾರಿ ಬರುವುದು ಹಡಗಿನಲ್ಲಿ, ಬೇಕಾದ್ದೆಲ್ಲ ಸಿಗುವುದಿಲ್ಲ. ಮೊದಲೇ ಹೇಳಿಟ್ಟರೆ ಮಾಡಿಕೊಡುತ್ತಾರೆ. ಮೀನು ತಿನ್ನುವವರು ಮಾಸ್ ರುಚಿ ನೋಡಲೇಬೇಕು. ಟ್ಯೂನಾ ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ಮಾಡುತ್ತಾರೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ತೆಂಗಿನ ಬೆಲ್ಲದ ದ್ವೀಪ್ ಉಂಡೆ ಮನೆಗೆ ತರಲು ಒಳ್ಳೆಯದು.

ಮದ್ಯ? ಬಟ್ಟೆಬರೆ?

ಜನವಸತಿ ಇರುವ ದ್ವೀಪಗಳಲ್ಲಿ ಮದ್ಯ ನಿಷೇಧ. ಚೀಲದಲ್ಲಿ ಒಯ್ಯುವುದೂ ತಪ್ಪು. ಬಂಗಾರಂ ರೆಸಾರ್ಟಿನಲ್ಲಿ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ.

ಜನರಲ್ಲಿ ನೂರಕ್ಕೆ 96ಕ್ಕಿಂತ ಹೆಚ್ಚು ಮುಸ್ಲಿಮರು. ಈಜುವಾಗ ಈಜುಡುಗೆ ಸರಿ, ಊರೊಳಗೆ ಮೈ ಮುಚ್ಚುವ ಬಟ್ಟೆ ಇರಲಿ. ಹೆಂಗಸರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ. ಇಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ ಇದೆ. ನಮ್ಮ ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ತರವಾಡಿನ, ಅಂದರೆ ತಾಯಿ ಕಡೆಯ ಕೂಡುಕುಟುಂಬದ ಆಸ್ತಿಗೆ ಶುಕ್ರವಾರದ ಸ್ವತ್ತು, ಸ್ವಂತ ದುಡಿಮೆಯದಕ್ಕೆ ಸೋಮವಾರದ ಸ್ವತ್ತು ಎಂಬ ಹೆಸರುಗಳು.

ದುಡ್ಡು, ಫೋನು, ಆಸ್ಪತ್ರೆ?

ಎಟಿಎಂ ಕಡಿಮೆ, ನಗದು ಇಟ್ಟುಕೊಳ್ಳಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಈ ದ್ವೀಪಗಳ ಮುಖ್ಯ ಬ್ಯಾಂಕಾಗಿತ್ತು. 2020ರ ವಿಲೀನದ ನಂತರ ಅದರ ಶಾಖೆಗಳು ಕೆನರಾ ಬ್ಯಾಂಕಿನವು. ಮೊದಲು ಇಂಟರ್ನೆಟ್ ಉಪಗ್ರಹದ ಮೂಲಕ ಬರುತ್ತಿತ್ತು, ತುಂಬಾ ನಿಧಾನ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾದ ಮೇಲೆ ಸುಧಾರಿಸಿದೆ. ಬಿಎಸ್‌ಎನ್‌ಎಲ್, ಏರ್‌ಟೆಲ್ ನಡೆಯುತ್ತವೆ.

ಕವರತ್ತಿಯಲ್ಲಿ, ಅಗತ್ತಿಯಲ್ಲಿ ಆಸ್ಪತ್ರೆ ಇವೆ. ತೀರಾ ಗಂಭೀರವಾದರೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುತ್ತಾರೆ. ದಿನವೂ ಬೇಕಾದ ಔಷಧಿಯನ್ನು ವಾರಕ್ಕೆ ಹೆಚ್ಚಾಗಿಯೇ ಒಯ್ಯಿರಿ.

ಲಕ್ಷದ್ವೀಪದಲ್ಲಿ ಪ್ರತಿಭಟನೆ ಅಂತ ಸುದ್ದಿ ಬರುತ್ತಿರುತ್ತದಲ್ಲ, ಏನದು?

2021ರಲ್ಲಿ ಆಡಳಿತ ಹಲವು ಕರಡು ನಿಯಮಗಳನ್ನು ತಂದಿತು. ಅಭಿವೃದ್ಧಿಗೆ ಜಮೀನು ವಶಪಡಿಸಿಕೊಳ್ಳುವ ಅಧಿಕಾರ, ಗೂಂಡಾ ಕಾಯ್ದೆ, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದು ಎಂಬ ನಿಯಮ, ಗೋಹತ್ಯೆ ನಿಷೇಧ ಅದರಲ್ಲಿದ್ದವು. ಅಪರಾಧ ತೀರಾ ಕಡಿಮೆ ಇರುವ ಊರಿಗೆ ಗೂಂಡಾ ಕಾಯ್ದೆ ಯಾಕೆ ಎಂದು ಜನ ಕೇಳಿದರು. ಜೂನ್ 7ರಂದು ಮನೆ ಮನೆಯಲ್ಲೂ 12 ಗಂಟೆ ಉಪವಾಸ ಕೂತರು.

2025ರ ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು. ಬಿತ್ರಾ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ಪೂರ್ತಿಯಾಗಿ ತೆಗೆದುಕೊಳ್ಳುವ ಪ್ರಸ್ತಾಪ ಇಟ್ಟು, ಅದರ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಆಡಳಿತ ಅಧಿಸೂಚನೆ ಹೊರಡಿಸಿತು. ಬಿತ್ರಾ ಜನ ಇರುವ ದ್ವೀಪಗಳಲ್ಲೇ ಚಿಕ್ಕದು, 2011ರಲ್ಲಿ ಅಲ್ಲಿದ್ದದ್ದು 271 ಜನ. ಊರವರೂ ಸಂಸದ ಹಮ್ದುಲ್ಲಾ ಸಯೀದ್ ಅವರೂ ವಿರೋಧಿಸಿದರು. ದೇಶದ ಗಡಿ ಕಾಯಬೇಕು ನಿಜ. ಆದರೆ ಇಡೀ ಊರನ್ನು ಎಬ್ಬಿಸುವ ಮಾತು ಬಂದಾಗ ಮೊದಲು ಕೇಳಬೇಕಾದದ್ದು ಆ ಊರಿನವರನ್ನು ಎಂದು ನಾನು ನಂಬುತ್ತೇನೆ.

ಪ್ರವಾಸಿಗರಿಗೆ ಇದರಿಂದ ತೊಂದರೆ ಇಲ್ಲ. ಜನ ಮಾತಿಗೆ ಸಿಗುತ್ತಾರೆ. ಮಲಯಾಳ ಸ್ವಲ್ಪ ಬಂದರೆ ಸಾಕು, ಹಿಂದಿ, ಇಂಗ್ಲಿಷೂ ನಡೆಯುತ್ತದೆ. ಮಂಗಳೂರಿನವರು ಎಂದು ಹೇಳಿ ನೋಡಿ. ಬಂದರಿನಲ್ಲಿ ಸಾಮಾನು ತುಂಬಿಸಿದವರು, ಅಲ್ಲಿನ ಆಸ್ಪತ್ರೆಗೆ ಬಂದು ಹೋದವರು ಸಿಕ್ಕಾರು.